ಡೆಲ್ಫ್ಟ್ ನೀಲಿಯಲ್ಲಿ ವರ್ಮೀರ್ ಚಿತ್ರ: ಮಾಡಿದವರು ಹೇಳಿ

ಪ್ರಶ್ನೆ: 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರವನ್ನು ಟೈಲ್ ಮೇಲೆ ಬರೆಯಬೇಕು ಅಂತ ಆಸೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ಹಳೇ ಕ್ರಮದಲ್ಲೇ, ತವರದ ಬಿಳಿ ಗ್ಲೇಜ್ (ಗಾಜಿನಂಥ ಲೇಪ) ಮೇಲೆ. ಎಲೆಕ್ಟ್ರಿಕ್ ಕಿಲ್ನ್ (ಸುಡುವ ಗೂಡು) ಇದೆ. ಬಣ್ಣಗಳೆಲ್ಲ ಬರುತ್ತವಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಪೂರ್ತಿ ನೀಲಿಯಲ್ಲೇ ಮಾಡಿ ಮೇಡಂ. ಆ ಗ್ಲೇಜ್ ಜೊತೆ ಬೆಂಕಿ ತಡೆಯುವ ಬಣ್ಣಗಳು ಕೆಲವೇ. ಕೋಬಾಲ್ಟ್‌ನ ನೀಲಿ, ಮ್ಯಾಂಗನೀಸ್‌ನ ನೇರಳೆ, ತಾಮ್ರದ ಹಸಿರು, ಆಂಟಿಮನಿಯ ಹಳದಿ, ಕಬ್ಬಿಣದ ಕಂದು. ಒಳ್ಳೆ ಕೆಂಪು ತುಂಬಾ ಕಷ್ಟ, ಆಕೆಯ ಲಂಗ ಕೆಂಪು ಅಲ್ವಾ? ಹಳೇ ಕ್ರಮದ ಹಳದಿಯಲ್ಲಿ ಸೀಸ ಇರುತ್ತದೆ. ಹಳೇ ಗ್ಲೇಜ್‌ನಲ್ಲೂ ಇತ್ತು. ಮನೆಯಲ್ಲಿ ಅದು ಖಂಡಿತ ಬೇಡ, ಸೀಸವಿಲ್ಲದ ಫ್ರಿಟ್‌ಗೆ (ಕರಗಿಸಿ ಪುಡಿ ಮಾಡಿದ ಗಾಜು) ತವರದ ಆಕ್ಸೈಡ್ ಸೇರಿಸಿಕೊಳ್ಳಿ.

ಎಡಗಡೆ ಕಿಟಕಿಯಿಂದ ಬೀಳುವ ಬೆಳಕೇ ಈ ಚಿತ್ರದ ಜೀವ. ಅದನ್ನು ನೀಲಿಯ ಐದಾರು ಛಾಯೆಗಳಲ್ಲೇ ಹಿಡಿಯಬಹುದು. ಗೋಡೆ, ತಲೆಯ ಬಟ್ಟೆ, ಹಾಲಿನ ಧಾರೆ, ಇಲ್ಲೆಲ್ಲ ಬಿಳಿ ಗ್ಲೇಜನ್ನೇ ಖಾಲಿ ಬಿಡಿ. ಡೆಲ್ಫ್ಟ್‌ನಲ್ಲಿ ರೆಂಬ್ರಾಂಟ್‌ನ ‘ನೈಟ್ ವಾಚ್’ ಎಂಬ ದೊಡ್ಡ ಚಿತ್ರವನ್ನೇ 480 ಟೈಲ್‌ಗಳಲ್ಲಿ ನೀಲಿಯಾಗಿ ಬರೆದಿದ್ದಾರೆ. ನೋಡಿದರೆ ಬಣ್ಣ ಬೇಕು ಅಂತ ಅನಿಸುವುದೇ ಇಲ್ಲ.

ಕೋಬಾಲ್ಟ್ ಹಸಿಯಾಗಿರುವಾಗ ಬೂದುಗಪ್ಪು. ನೀಲಿಯಾಗುವುದು ಬೆಂಕಿಯಲ್ಲಿ. ಬರೆಯುವಾಗ ತಿಳಿ ಯಾವುದು, ಗಾಢ ಯಾವುದು ಅಂತ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಒಂದು ಟೈಲ್ ಮೇಲೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ಪಟ್ಟೆ ಎಳೆದು ಸುಟ್ಟುಕೊಳ್ಳಿ. ಪ್ರಮಾಣ ಬರೆದಿಡಿ, ಆ ಟೈಲ್ ಎದುರಿಗಿಟ್ಟುಕೊಂಡೇ ಕೆಲಸ ಮಾಡಿ. ಚಿತ್ರದ ಕಪ್ಪು-ಬಿಳುಪು ಪ್ರಿಂಟ್ ಪಕ್ಕದಲ್ಲಿರಲಿ. ಕೋಬಾಲ್ಟ್ ಪುಡಿ ಕಲಸುವಾಗ ಒಳ್ಳೆ ಮಾಸ್ಕ್ ಹಾಕಿ.

ಇನ್ನೊಬ್ಬರು: ರೇಖೆ ಇಳಿಸುವ ಬಗ್ಗೆ ನಾನು ಹೇಳುತ್ತೇನೆ. ಸುಡದ ಗ್ಲೇಜ್ ಪುಡಿಪುಡಿಯಾಗಿರುತ್ತದೆ, ಕುಂಚದ ನೀರನ್ನು ತಕ್ಷಣ ಎಳೆದುಕೊಳ್ಳುತ್ತದೆ. ಅಳಿಸಲು ಆಗುವುದಿಲ್ಲ. ಡೆಲ್ಫ್ಟ್‌ನವರು ಕಾಗದದ ಮೇಲಿನ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಟೈಲ್ ಮೇಲಿಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿ ತಟ್ಟುತ್ತಿದ್ದರು. ನಮ್ಮಲ್ಲಿ ಆರಿ ವರ್ಕ್‌ನವರು ಬ್ಲೌಸ್ ಮೇಲೆ ಡಿಸೈನ್ ಇಳಿಸುವುದೂ ಹೆಚ್ಚುಕಮ್ಮಿ ಹೀಗೇ. ಸುಟ್ಟಾಗ ಇದ್ದಿಲು ಹೋಗಿ ಕೋಬಾಲ್ಟ್ ಮಾತ್ರ ಉಳಿಯುತ್ತದೆ. ಮೊದಲು ಉದ್ದ ಕೂದಲಿನ ಸಣ್ಣ ಕುಂಚದಲ್ಲಿ ಗೆರೆ, ಆಮೇಲೆ ತೆಳು ನೀಲಿ. ಕೈ ನಿಲ್ಲಿಸಬೇಡಿ, ನಿಂತ ಕಡೆ ಕಲೆ ಕಟ್ಟುತ್ತದೆ.

ಮತ್ತೊಬ್ಬರು: ಮಣ್ಣಿನ ಕಡೆಗೂ ಗಮನ ಕೊಡಿ. ಡೆಲ್ಫ್ಟ್‌ನಲ್ಲಿ ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣು ಬೆರೆಸುತ್ತಿದ್ದರು. ಸುಣ್ಣ ಕಮ್ಮಿ ಇರುವ ಕೆಂಪು ಜೇಡಿಯಲ್ಲಿ ಗ್ಲೇಜ್ ಮೇಲೆ ಕೂದಲೆಳೆಯಷ್ಟು ಬಿರುಕು ಬರುವ ಸಾಧ್ಯತೆ ಹೆಚ್ಚು. ಬರೀ ಮಣ್ಣಿನ ಟೈಲನ್ನು ಒಮ್ಮೆ ಸುಟ್ಟು, ಗ್ಲೇಜ್ ಹಚ್ಚಿ ಬರೆದ ಮೇಲೆ ಮಾಡುವ ಎರಡನೇ ಸುಡುವಿಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್. ನಿಮ್ಮ ಫ್ರಿಟ್‌ಗೆ ಎಷ್ಟು ಬೇಕೋ ಅಷ್ಟೇ ಕೊಡಿ, ಜಾಸ್ತಿ ಆದರೆ ಗೆರೆ ಹರಡುತ್ತದೆ.

ಅಳತೆ ಹೀಗೆ. ಮೂಲಚಿತ್ರ 45.5 ಸೆಂ.ಮೀ. ಎತ್ತರ, 41 ಸೆಂ.ಮೀ. ಅಗಲ. ಹಳೇ ಡೆಲ್ಫ್ಟ್ ಟೈಲ್ ಸುಮಾರು 13 ಸೆಂ.ಮೀ. ಚೌಕ. ನಾಲ್ಕು ಸಾಲು, ಸಾಲಿಗೆ ನಾಲ್ಕು ಇಟ್ಟರೆ ಎತ್ತರ, ಅಗಲ ಎರಡೂ 52 ಆಗುತ್ತವೆ. ಚಿತ್ರವನ್ನು ಆ ಎತ್ತರಕ್ಕೆ ಹಿಗ್ಗಿಸಿದರೆ ಅಗಲದಲ್ಲಿ ಸುಮಾರು ಐದು ಸೆಂ.ಮೀ. ಉಳಿಯುತ್ತದೆ. ಅಲ್ಲಿ ಅಂಚು ಬರೆಯಿರಿ. ಆ ಅಂಚನ್ನು ಒಂದೇ ಪಕ್ಕಕ್ಕೆ ಸರಿಸಿಯಾದರೂ ಮುಖದ ಮೇಲೆ ಸಂದು ಬರದ ಹಾಗೆ ನೋಡಿಕೊಳ್ಳಿ.

ಈ ಚಿತ್ರದಲ್ಲೇ ಗೋಡೆಯ ಬುಡದಲ್ಲಿ ಡೆಲ್ಫ್ಟ್ ಟೈಲ್‌ಗಳ ಸಾಲಿದೆ, ಒಂದರಲ್ಲಿ ಬಿಲ್ಲು ಹಿಡಿದ ಕ್ಯೂಪಿಡ್, ಅಂದರೆ ರೋಮನ್ನರ ಪ್ರೇಮದೇವತೆ. ಮೊದಲು ಅದನ್ನೇ ದೊಡ್ಡದು ಮಾಡಿ ಒಂದು ಟೈಲ್ ಮೇಲೆ ಬರೆದು ಸುಡಿ. ಗೆರೆ, ತೆಳು ನೀಲಿ, ಗ್ಲೇಜ್, ಮಣ್ಣು, ನಾಲ್ಕೂ ಅದರಲ್ಲೇ ಪರೀಕ್ಷೆ ಆಗುತ್ತವೆ.