ಅಂಗಡಿ ಸ್ವೈಪ್ ಮಷೀನಲ್ಲಿ ಕ್ಯಾಶ್ ತೆಗೆಯುವಾಗ ದುಡ್ಡು ಕಟ್, ಚೀಟಿ ಬಂದಿಲ್ಲ. ಯಾರನ್ನ ಕೇಳೋದು?

ಅಡಿಕೆಗೊನೆ:
ನಮ್ಮ ಪೇಟೆಯಲ್ಲಿರೋದು ಒಂದೇ ಎಟಿಎಂ, ಶನಿವಾರ ಅದರಲ್ಲಿ ದುಡ್ಡಿರಲಿಲ್ಲ. ಸಂಜೆ ಅಡಿಕೆ ಸುಲಿಯೋರಿಗೆ ಬಟವಾಡೆ ಮಾಡ್ಬೇಕಿತ್ತು. ಡೆಬಿಟ್ ಕಾರ್ಡಿಗೆ ಕ್ಯಾಶ್ ಕೊಡ್ತೀವಿ ಅಂತ ಬೋರ್ಡ್ ಹಾಕಿರೋ ಕಿರಾಣಿ ಅಂಗಡಿಗೆ ಹೋಗಿ 2000 ರೂ. ಕೇಳಿದೆ. ಪಿನ್ ಒತ್ತಿದ್ಮೇಲೆ ಮಷೀನು ನೆಟ್‌ವರ್ಕ್ ಕಳ್ಕೊಂಡು ಸುಮ್ಮನಾಯ್ತು. ಚೀಟಿ ಬರ್ಲಿಲ್ಲ, ಮೊಬೈಲಿಗೆ ಮಾತ್ರ ದುಡ್ಡು ಕಟ್ ಆದ ಮೆಸೇಜ್ ಬಂತು. ಅಂಗಡಿಯವರು "ನಂಗೆ ಬಂದೇ ಇಲ್ಲ, ಎಲ್ಲಿಂದ ಕೊಡ್ಲಿ" ಅಂತಾರೆ. ಬ್ಯಾಂಕಲ್ಲಿ "ಅಂಗಡಿಯವರನ್ನೇ ಕೇಳಿ" ಅಂತಾರೆ. ಏನ್ಮಾಡ್ಲಿ?

ಕೌಂಟರ್ ನಂ. 3:
ಅವರು ಮಷೀನಲ್ಲಿ ಒತ್ತಿದ್ದು 'ಸೇಲ್' (ಸಾಮಾನು ಮಾರಾಟ) ಅಂತಲೋ, 'ಕ್ಯಾಶ್ ಅಟ್ ಪಿಒಎಸ್' (ಸ್ವೈಪ್ ಮಷೀನಲ್ಲಿ ಕ್ಯಾಶ್) ಅಂತಲೋ? ಆಮೇಲೆ ಇನ್ನೊಮ್ಮೆ ಕಾರ್ಡ್ ಹಾಕಿದ್ರಾ?

ಅಡಿಕೆಗೊನೆ:
ಏನು ಒತ್ತಿದ್ರೋ ನೋಡ್ಲಿಲ್ಲ ಸರ್. ಇನ್ನೊಂದು ಸಲ ಹಾಕಿ ನೋಡೋಣ ಅಂದ್ರು, ಬೇಡ ಅಂದೆ.

ಕೌಂಟರ್ ನಂ. 3:
ಒಳ್ಳೇದಾಯ್ತು. ಇದರಲ್ಲಿ ಒಂದು ಕಾರ್ಡಿಗೆ ಒಂದು ಸಲಕ್ಕೆ 2000, ತಿಂಗಳಿಗೆ 10,000 ರೂ. ಅಷ್ಟೇ ಮಿತಿ.  ಇನ್ನೊಂದು ಸಲ ಹಾಕಿದ್ರೆ, ಒತ್ತಿದ್ದು ಕ್ಯಾಶ್ ಆಗಿದ್ರೂ ಸೇಲ್ ಆಗಿದ್ರೂ ಇನ್ನೂ 2000 ಹೋಗಿರಬಹುದಿತ್ತು.

ಚೀಟಿ ಬಂದಿಲ್ಲ ಅಂತೀರಲ್ಲ, ನಿಮ್ಮ ಕೇಸು ನಿಂತಿರೋದೇ ಅದರ ಮೇಲೆ. ಖಾತೆಯಿಂದ ದುಡ್ಡು ಹೋಗಿ ಅಂಗಡಿಯಲ್ಲಿ ಚೀಟಿ ಬಾರದಿದ್ರೆ, ಅದು ತಾನಾಗೇ ವಾಪಸ್ ಬರ್ಬೇಕು. ವ್ಯವಹಾರದ ದಿನ ಬಿಟ್ಟು 5 ದಿನ ಗಡುವು. 2019ರ ಸೆಪ್ಟೆಂಬರಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆಯಲ್ಲಿ ಅಂಗಡಿ ಮಷೀನಿನ ಕ್ಯಾಶನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ಲೆಕ್ಕ ಕ್ಯಾಲೆಂಡರ್ ದಿನದ್ದು, ಭಾನುವಾರ, ರಜೆ ಅಂತ ಕಳೆಯೋ ಹಾಗಿಲ್ಲ. ಶನಿವಾರ ಆಗಿದ್ದಕ್ಕೆ ಗುರುವಾರದೊಳಗೆ ಬರ್ಬೇಕು. ಅಲ್ಲಿಂದ ಮುಂದೆ ತಡವಾದ ದಿನಕ್ಕೆ 100 ರೂ. ಪರಿಹಾರ. ಅದನ್ನೂ ನೀವು ಅರ್ಜಿ ಬರೆಯೋ ಮೊದಲೇ ಬ್ಯಾಂಕು ಖಾತೆಗೆ ಹಾಕ್ಬೇಕು ಅಂತಿದೆ. ಹಾಕ್ತಾರಾ ಅಂತ ಕೇಳ್ಬೇಡಿ, ಕೇಳಿದೋರಿಗೆ ಹಾಕ್ತಾರೆ.

ದೂರು ಕೊಡ್ಬೇಕಾದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಮಷೀನು ಯಾವ ಬ್ಯಾಂಕಿನದಾದ್ರೂ ಆಗ್ಲಿ, ಅದು ಆ ಎರಡು ಬ್ಯಾಂಕು ಬಗೆಹರಿಸ್ಕೊಳ್ಳೋ ವಿಷಯ. ಬಾಯಲ್ಲಿ ಹೇಳಿ ಬರ್ಬೇಡಿ, ದೂರಿನ ನಂಬರ್ ತಗೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ಅಧಿಕಾರಿಗೆ) ಹಾಕೋವಾಗ ಆ ನಂಬರೇ ಆಧಾರ.

ಗಲ್ಲಾಪೆಟ್ಟಿಗೆ:
ನಾನೂ ಅಂಗಡಿ ಇಟ್ಕೊಂಡವನೇ. ಅಂಗಡಿಯವರು ಸುಳ್ಳು ಹೇಳ್ತಿದಾರೆ ಅಂದ್ಕೋಬೇಡಿ. ಬ್ಯಾಂಕಿನ ಒಪ್ಪಿಗೆ ವಾಪಸ್ ಮಷೀನಿಗೆ ಮುಟ್ಟದಿದ್ರೆ ನಮ್ಮ ಲೆಕ್ಕಕ್ಕೆ ಆ ವ್ಯವಹಾರ ಬರೋದೇ ಇಲ್ಲ, ಗಲ್ಲಾದಿಂದ ಕೊಟ್ರೆ ಅದು ನಮ್ಮ ಕೈಯಿಂದಾನೇ ಹೋದ ಹಾಗೆ. ಆದ್ರೆ ಮಷೀನಲ್ಲಿ ಹಿಂದಿನ ಚೀಟಿ ಮತ್ತೆ ಪ್ರಿಂಟ್ ತೆಗೆಯೋ ಆಯ್ಕೆ ಇರುತ್ತೆ, ಆ ದಿನದ ವರದಿಯೂ ಸಿಗುತ್ತೆ. ತೆಗೆಸಿ ನೋಡಿ. ಅದರಲ್ಲಿ ನಿಮ್ಮ 2000 'ಅಪ್ರೂವ್ಡ್' ಅಂತ ಇದ್ರೆ ಕಥೆ ಬೇರೆ: ದುಡ್ಡು ಅವರ ಖಾತೆಗೆ ಬರುತ್ತೆ, ನಿಮಗೆ ನೋಟು ಕೊಡ್ಬೇಕಾದ್ದು ಅವರು.

ಕೌಂಟರ್ ನಂ. 3:
ಸರಿಯಾಗಿ ಹೇಳಿದ್ರಿ. ಹಾಗೇ ಅಲ್ಲಿಯ ಹಳೇ ಚೀಟಿ ಯಾವುದಾದ್ರೂ ಇದ್ರೆ ಅದರ ಮೇಲಿರೋ ಟಿಐಡಿ, ಅಂದ್ರೆ ಮಷೀನಿನ ನಂಬರ್, ಬರ್ಕೊಳ್ಳಿ. ಪಾಸ್‌ಬುಕ್ಕಲ್ಲೋ ಆ್ಯಪಲ್ಲೋ ಆರ್‌ಆರ್‌ಎನ್ ಅನ್ನೋ 12 ಅಂಕೆಯ ನಂಬರ್ ಸಿಕ್ರೆ ಅದನ್ನೂ ದೂರಲ್ಲಿ ಬರೀರಿ. ಬ್ಯಾಂಕಿನೋರು ಹುಡುಕೋದೇ ಅದರಿಂದ.

ಪೇಟೆಹುಡ್ಗಿ:
ನಮ್ಮ ಕಡೆ 2000ಕ್ಕೆ 50 ರೂ. ತಗೋತಾರೆ. ಜೊತೆಗೆ ಏನಾದ್ರೂ ಸಾಮಾನು ತಗೊಳ್ಳಿ ಅಂತ ಬೇರೆ. ಇದು ಸರೀನಾ?

ಕೌಂಟರ್ ನಂ. 3:
ಎರಡೂ ಸರಿಯಲ್ಲ ಮೇಡಂ. ಶುಲ್ಕ 1%ಗಿಂತ ಹೆಚ್ಚಿರಬಾರದು, 2000ಕ್ಕೆ 20 ರೂ. ಅಷ್ಟೂ ತಗೊಳ್ದೇ ಇರೋರು ಇದಾರೆ. ಸಾಮಾನು ತಗೊಳ್ಳಲೇಬೇಕು ಅಂತಿಲ್ಲ. ತಗೊಂಡ್ರೆ ಚೀಟಿಯಲ್ಲಿ ಸಾಮಾನಿನ ದುಡ್ಡು ಬೇರೆ, ಕ್ಯಾಶ್ ಬೇರೆ ಕಾಣ್ಬೇಕು. ಶುಲ್ಕ ಎಷ್ಟು ಅಂತ ಅಂಗಡಿಯಲ್ಲಿ ಬೋರ್ಡಲ್ಲಿ ಬರೆದಿರಬೇಕು ಕೂಡ.

50 ಕೇಳೋ ಕಡೆ 'ಸೇಲ್' ಒತ್ತಿ ಕೊಡ್ತಿರಬಹುದು ಅಂತ ನನ್ನ ಗುಮಾನಿ. ಹಾಗೆ ಮಾಡಿದ್ರೆ ಕೆಲವು ಕಾರ್ಡುಗಳಿಗೆ ಅವರಿಂದ ಬ್ಯಾಂಕು ಎಂಡಿಆರ್, ಅಂದ್ರೆ ಕಾರ್ಡ್ ಮಾರಾಟಕ್ಕೆ ಅಂಗಡಿಯವರು ಕೊಡೋ ಶುಲ್ಕ, ಕಟ್ ಮಾಡುತ್ತೆ, ಅದನ್ನ ನಿಮ್ಮ ಮೇಲೆ ಹಾಕ್ತಾರೆ. ಏನಾದ್ರೂ ಎಡವಟ್ಟಾದ್ರೆ ದಾಖಲೆಯಲ್ಲಿ ನೀವು ಸಾಮಾನು ಕೊಂಡಿದ್ದೀರಿ ಅಂತಿರುತ್ತೆ, ಕ್ಯಾಶ್ ಬಂದಿಲ್ಲ ಅಂತ ವಾದ ಮಾಡೋಕೂ ಆಗಲ್ಲ. ಪಿನ್ ಒತ್ತೋ ಮುಂಚೆ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ತೋರಿಸಿ ಅಂತ ಕೇಳಿ.

ಅಡಿಕೆಗೊನೆ:
ಅಂಗಡಿ ವರದಿಯಲ್ಲಿ ನನ್ನದು ಇರಲೇ ಇಲ್ಲ. ಬ್ಯಾಂಕಲ್ಲಿ ದೂರು ಬರೆದುಕೊಟ್ಟು ನಂಬರ್ ತಗೊಂಡೆ. ಬುಧವಾರ ರಾತ್ರಿ 2000 ವಾಪಸ್ ಬಂತು. ಇಬ್ಬರಿಗೂ ಥ್ಯಾಂಕ್ಸ್. ಕ್ರೆಡಿಟ್ ಕಾರ್ಡಲ್ಲೂ ಹೀಗೆ ತೆಗೀಬಹುದಾ?

ಗಲ್ಲಾಪೆಟ್ಟಿಗೆ:
ಇಲ್ಲ ಅಣ್ಣಾ, ಕ್ರೆಡಿಟ್ ಕಾರ್ಡಿಗೆ ಈ ಸೌಲಭ್ಯ ಇಲ್ಲ. ಯಾರಾದ್ರೂ ಕೊಡ್ತೀನಿ ಅಂದ್ರೆ ಅದು ಸೇಲ್ ಒತ್ತಿ ಕೊಡೋದೇ. ಸಿಕ್ಕಿಬಿದ್ರೆ ಅಂಗಡಿಯವನ ಮಷೀನೇ ಹೋಗುತ್ತೆ.