ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್: ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಬೆಂಗಳೂರಿನಿಂದ ಮೊದಲ ಸಲ ಹೋಗುವ ಹುಡುಗರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಎರಡು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ತಿರುವಿನಲ್ಲಿ ಮುಂದಿನ ಟೈರು ಮೊದಲು ಹಿಡಿತ ಬಿಟ್ಟರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ಹೊರಗಂಚಿಗೇ ಹೋಗುತ್ತದೆ. ಅದು ಅಂಡರ್‌ಸ್ಟಿಯರ್. ಹಿಂದಿನ ಟೈರು ಮೊದಲು ಬಿಟ್ಟರೆ ಕಾರು ನಾವು ಕೇಳಿದ್ದಕ್ಕಿಂತ ಹೆಚ್ಚು ತಿರುಗುತ್ತದೆ, ಕೈತಪ್ಪಿದರೆ ಬುಗುರಿ. ಅದು ಓವರ್‌ಸ್ಟಿಯರ್. ಸದ್ಯಕ್ಕೆ 'ಕೊರೆತಿರುವು', 'ಅತಿತಿರುವು' ಎಂದು ಹಾಕಿದ್ದೇನೆ. ನಡೆದೀತೇ?

ಮೈಸೂರಿನಿಂದ:
ನಡೆಯದು. ಅತಿತಿರುವು ಅರಿಸಮಾಸ, ಸಂಸ್ಕೃತದ 'ಅತಿ'ಗೆ ಕನ್ನಡದ 'ತಿರುವು' ಅಂಟಿಸಿದ ದೋಷ. ಅಚ್ಚಗನ್ನಡದ ಚುಕ್ಕಾಣಿ ಇರುವಾಗ ತಿರುವಿನ ಹಂಗೇಕೆ? ಕಿರುಚುಕ್ಕಾಣಿ, ಹೆಜ್ಜುಕ್ಕಾಣಿ. ಹೆಬ್ಬುಲಿ, ಹೆದ್ದೆರೆಗಳನ್ನು ನೆನೆದುಕೊಳ್ಳಿ.

ಕಾರವಾರದಿಂದ:
ಹೆಜ್ಜುಕ್ಕಾಣಿ! ಟ್ರ್ಯಾಕಿನಲ್ಲಿ ಆ ಪದ ಉಚ್ಚರಿಸಿ ಮುಗಿಸುವಷ್ಟರಲ್ಲಿ ಕಾರು ಗೋಡೆಗೆ ಬಡಿದಿರುತ್ತದೆ. ಚುಕ್ಕಾಣಿ ಅಚ್ಚಗನ್ನಡ ಎಂದವರು ಯಾರು ಮೇಷ್ಟ್ರೇ? ಅರಬ್ಬಿಯ ಸುಕ್ಕಾನ್ ಹಡಗು ಹತ್ತಿ ಬಂದದ್ದು. ಮರಾಠಿಯ ಸುಕಾಣು, ಮಲಯಾಳದ ಚುಕ್ಕಾನ್ ಎಲ್ಲ ಅದೇ. ಮೇಲಾಗಿ ಅದು ಇರುವುದು ಹಡಗಿನ ಹಿಂತುದಿಯಲ್ಲಿ, ಕಾರಿನಲ್ಲಿ ತಿರುಗುವುದು ಮುಂದಿನ ಗಾಲಿ.

ಧಾರವಾಡದಿಂದ:
ಯಾವ ಗಾಲಿ ಜಾರತೈತಿ ಅಷ್ಟು ಹೇಳ್ರಿ ಸಾಕು. ಮುಂಜಾರು, ಹಿಂಜಾರು. ಮುಗೀತು.

ಮೈಸೂರಿನಿಂದ:
ಹಿಂಜಾರನ್ನು ಓದುಗ ಹಿಂಜರಿ ಎಂದೇ ಓದುತ್ತಾನೆ. ಹಿಂಜರಿಯಲ್ಲಿರುವುದು 'ಜಾರು' ಅಲ್ಲ, ಹಿಂದೆ ಸರಿ ಎನ್ನುವಾಗಿನ 'ಸರಿ'. ಮುಂಜೆರಗಿನಲ್ಲಿ ಸೆರಗಿನ ಸಕಾರ ಜಕಾರವಾದ ಹಾಗೆ. ಕೇಶಿರಾಜನ ವ್ಯಾಕರಣವನ್ನು ತೆರೆದು ನೋಡಿ, ಆಮೇಲೆ ಪದ ಕಟ್ಟಿ. ಚುಕ್ಕಾಣಿಯ ವಿಷಯ ಪರಿಶೀಲಿಸುತ್ತೇನೆ.

ಪುಣೆಯಿಂದ (ವಾಹನಗಳ ಕೆಲಸವೇ ನನ್ನದು):
'ಜಾರು' ಎಂಬುದೇ ತಪ್ಪು. ತಿರುವಿನಲ್ಲಿ ಟೈರಿನ ರಬ್ಬರು ಸೊಟ್ಟಗಾಗುತ್ತದೆ. ಹಾಗಾಗಿ ಟೈರು ಮುಖ ಮಾಡಿದ ದಿಕ್ಕಿಗೂ ನಿಜಕ್ಕೂ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನ ಇದ್ದೇ ಇರುತ್ತದೆ, ಜಾರದಿದ್ದರೂ. ಈ ಕೋನ ಮುಂದಿನ ಟೈರಿನಲ್ಲಿ ದೊಡ್ಡದಾದರೆ ಅಂಡರ್, ಹಿಂದಿನದರಲ್ಲಿ ದೊಡ್ಡದಾದರೆ ಓವರ್. ಮನೆಬಳಕೆಯ ಕಾರುಗಳನ್ನು ಬೇಕೆಂದೇ ಸ್ವಲ್ಪ ಅಂಡರ್ ಕಡೆಗೆ ಇಟ್ಟಿರುತ್ತಾರೆ. ಗಾಬರಿಯಾದವನು ಆಕ್ಸಿಲರೇಟರ್ ಬಿಡುತ್ತಾನೆ, ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ನೆಲ ಕಚ್ಚುತ್ತದೆ, ಬದುಕಿಕೊಳ್ಳುತ್ತಾನೆ. ಪೋರ್ಶೆ 911ರಲ್ಲಿ ಇಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಹಳೆಯ 911ರಲ್ಲಿ ತಿರುವಿನ ನಡುವೆ ಹಾಗೆ ಕಾಲು ತೆಗೆದರೆ ಹಿಂದಿನ ಟೈರಿನ ಮೇಲಿನ ಒತ್ತು ಕಡಿಮೆಯಾಗಿ, ಆ ಇಂಜಿನ್ನಿನ ಭಾರವೇ ಬಾಲವನ್ನು ಹೊರಕ್ಕೆ ಎಳೆದುಕೊಂಡು ಹೋಗುತ್ತದೆ. ಆಗ ಸ್ಟೇರಿಂಗ್ ಬಾಲ ಹೋದ ಕಡೆಗೇ ತಿರುಗಬೇಕು. ಹುಡುಗರಿಗೆ ಕಲಿಸಬೇಕಾದದ್ದು ಇದು, ಸಂಧಿಯಲ್ಲ. ಇಂಗ್ಲಿಷ್ ಪದವನ್ನೇ ಇಡಿ.

ಮೈಸೂರಿನಿಂದ:
ಇಂಗ್ಲಿಷನ್ನೇ ಇಡುವುದಾದರೆ ಈ ಬಳಗಕ್ಕೆ ಬಾಗಿಲು ಹಾಕೋಣ.

ಕಾರವಾರದಿಂದ:
ಬ್ರೇಕು, ಗೇರು, ಕ್ಲಚ್ಚು ಉಕಾರ ಹಚ್ಚಿಕೊಂಡು ಮನೆಮಕ್ಕಳಾಗಿ ಎಷ್ಟು ಕಾಲವಾಯಿತು! ಅರಬ್ಬಿ ಬಂದರೆ ನೆಂಟ, ಇಂಗ್ಲಿಷ್ ಬಂದರೆ ಮೈಲಿಗೆಯೇ? ಇನ್ನು ಅರಿಸಮಾಸದ ಮಾತು. 'ಅತಿ ಆಸೆ ಗತಿಗೇಡು' ಎನ್ನುವಾಗ ಗತಿ ಸಂಸ್ಕೃತ, ಕೇಡು ಕನ್ನಡ. ಗಾದೆಯನ್ನೂ ತಿದ್ದುತ್ತೀರಾ? ಓವರ್‌ಸ್ಟಿಯರ್‌ಗೆ ಗತಿಗೇಡು ಎಂದೇ ಇಟ್ಟರೂ ಅರ್ಥ ಕೂಡುತ್ತದೆ, ನೋಡಿ.

ಕೇಳಿದವಳು:
ಎಲ್ಲರಿಗೂ ಧನ್ಯವಾದ. ನಮ್ಮ ಬೀದಿಯ ಮೆಕ್ಯಾನಿಕ್‌ನನ್ನು ವಿಚಾರಿಸಿದೆ. ಮಳೆಯಲ್ಲಿ ಗಾಡಿಯ ಹಿಂಭಾಗ ಹೋದರೆ "ಬಾಲ ಬೀಸ್ತು" ಅಂತಾನಂತೆ. ಮುಂದಿನದಕ್ಕೆ? "ಮೂತಿ ಕೇಳಲ್ಲ ಮೇಡಂ." ಕೈಪಿಡಿಯ ತಲೆಬರಹದಲ್ಲಿ ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಹಾಗೇ ಇರುತ್ತವೆ, ವಿವರಣೆಯಲ್ಲಿ 'ಮೂತಿ ಕೇಳದು', 'ಬಾಲ ಬೀಸಿತು'. ಪುಣೆಯವರ ಕೋನದ ಮಾತನ್ನು ಒಂದು ಚಿತ್ರವಾಗಿ ಸೇರಿಸಿದೆ. ಅಚ್ಚಿಗೆ ಕೊಟ್ಟಾಯಿತು.

ಮೈಸೂರಿನಿಂದ:
ಗತಿಗೇಡು ರೂಢಿ. ರೂಢಿಗೆ ದೋಷವಿಲ್ಲ. ನಿಮ್ಮ ಅತಿತಿರುವಿಗೆ ರೂಢಿ ಎಲ್ಲಿತ್ತು? ಅಂದಹಾಗೆ, 'ಮೂತಿ' ಮನುಷ್ಯರಿಗೆ ಬೈಗುಳ, ಅಚ್ಚಿನವರಿಗೆ ಫೋನ್ ಮಾಡಿ 'ಮೂಗು' ಎಂದು ತಿದ್ದಿಸಿ.