ಮದುವೆ ಆಗದವಳ ಸಂಜೆ ಎಲ್ಲರಿಗೂ ಫ್ರೀ ಅಂತ ಲೆಕ್ಕವಾ?

ಬೆಜೈ_ಶಿಫ್ಟ್ ಕೇಳಿದ್ದು:

ನನಗೆ 34. ಮಂಗಳೂರಿನಲ್ಲಿ ಐಟಿ ಕೆಲಸ, ಕ್ಲೈಂಟ್ ಶಾಂಘೈಯಲ್ಲಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಒಂಬತ್ತು ಆದಾಗ ನಮಗೆ ಆರೂವರೆ. ಹಾಗಾಗಿ ಬೆಳಗ್ಗೆ ಐದಕ್ಕೆ ಏಳುತ್ತೇನೆ, ಮಧ್ಯಾಹ್ನ ಮೂರೂವರೆಗೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ. "ನಿನಗೇನು ಮಾರಾಯ್ತಿ, ಸಂಜೆಯೆಲ್ಲ ಫ್ರೀ" ಅನ್ನುತ್ತಾರೆ ಎಲ್ಲರೂ.

ನಾನು ಫ್ರೀ ಅಲ್ಲ. ಬೆಜೈಯ ಬಾಡಿಗೆ ಫ್ಲ್ಯಾಟಿನಲ್ಲಿ ನಾನು ಮತ್ತು ಅವಳು ಆರು ವರ್ಷದಿಂದ ಸಂಸಾರ ಮಾಡುತ್ತಿದ್ದೇವೆ. ಓನರ್ ಲೆಕ್ಕಕ್ಕೆ ಫ್ರೆಂಡ್ಸ್. ಅವಳು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮನೆಗೆ ಬರುವಾಗ ಐದು ಕಳೆಯುತ್ತದೆ. ನಾನು ಒಂಬತ್ತೂವರೆಗೆ ಮಲಗಲೇಬೇಕು. ನಮ್ಮಿಬ್ಬರ ದಿನ ಅಂದರೆ ಆ ನಾಲ್ಕು ಗಂಟೆ. ಅದರಲ್ಲಿ ಅರ್ಧ ಅಮ್ಮನ ಫೋನಿಗೆ ಹೋಗುತ್ತದೆ.

ಅಮ್ಮ ಕಟಪಾಡಿಯಲ್ಲಿ ಒಬ್ಬಳೇ. ಅಣ್ಣ ದುಬೈಯಲ್ಲಿ. "ಅವನಿಗೆ ಹೆಂಡತಿ ಮಕ್ಕಳು ಉಂಟು, ನಿನಗೆ ಯಾರಿದ್ದಾರೆ?" ಅನ್ನುತ್ತಾಳೆ. ಬಿಪಿ ಮಾತ್ರೆ, ಕರೆಂಟ್ ಬಿಲ್ಲು, ತೆಂಗಿನಕಾಯಿ ಕೀಳುವವನನ್ನು ಹುಡುಕುವುದು ಎಲ್ಲ ನನ್ನ ಪಾಲು. ಪ್ರತಿ ಭಾನುವಾರ ಉಡುಪಿ ಬಸ್ಸು. ಆಫೀಸಿನಲ್ಲೂ ಅದೇ ಲೆಕ್ಕ. ದೀಪಾವಳಿ ರಜೆಯಲ್ಲೂ ಕರೆದಾಗ ಕೆಲಸಕ್ಕೆ ಕೂರುವ ಆನ್‌ಕಾಲ್ ಯಾರು? ಮದುವೆ ಆಗದವಳು. ಸತತ ಮೂರು ವರ್ಷ.

ಕಳೆದ ತಿಂಗಳು ಅವಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆಸ್ಪತ್ರೆಯ ಫಾರ್ಮಿನಲ್ಲಿ ಸಂಬಂಧ ಅನ್ನುವ ಕಡೆ 'ಸ್ನೇಹಿತೆ' ಅಂತ ಬರೆದೆ. "ಮನೆಯವರು ಯಾರೂ ಬಂದಿಲ್ವಾ?" ಅಂದರು. ಕಾರ್ಕಳದಿಂದ ಅವಳ ತಮ್ಮ ಬಂದು ಸಹಿ ಹಾಕಿದ. ಯಾವ ಮಾತ್ರೆ ಅವಳಿಗೆ ಆಗುವುದಿಲ್ಲ ಅಂತ ನರ್ಸ್ ಕೇಳಿದಾಗ ಅವನು ನನ್ನ ಮುಖ ನೋಡಿದ.

ಆಫೀಸಿಗೆ 'ಅಮ್ಮನಿಗೆ ಹುಷಾರಿಲ್ಲ' ಅಂತ ಸುಳ್ಳು ಹೇಳಿ ಎರಡು ದಿನ ರಜೆ ಹಾಕಿದ್ದೆ. ವಾಪಸ್ ಬಂದ ದಿನ ಕಾಲ್ ಮುಗಿಯುವಾಗ ಶಾಂಘೈಯ ನಮ್ಮ ಲೀಡ್ "ಅಮ್ಮ ಹೇಗಿದ್ದಾರೆ?" ಅಂತ ಕೇಳಿದಳು. ಯಾಕೋ ಏನೋ, ನಿಜ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಾನೂ 'ಲಾಲಾ' ಅಂದಳು. ಚೀನಾದಲ್ಲಿ ಲೆಸ್ಬಿಯನ್ ಹೆಂಗಸರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರಂತೆ. (ನಮಗೆ ಅಂಥ ಮುದ್ದಾದ ಪದವೂ ಇಲ್ಲ ನೋಡಿ.)

ಅವಳು ಒಬ್ಬಳೇ ಮಗಳು. ಒಂದೇ ಮಗು ಸಾಕು ಅನ್ನುವ ಸರ್ಕಾರಿ ನಿಯಮ ಅಲ್ಲಿ 2015ರವರೆಗೂ ಇತ್ತಲ್ಲ, ಆ ಕಾಲದವಳು. ಅಪ್ಪ ಅಮ್ಮ ಇಬ್ಬರೂ ಅವಳ ತಲೆಯ ಮೇಲೆ. ಅವರ ಹೊಸ ವರ್ಷದ ಹಬ್ಬಕ್ಕೆ ಅವಳು ತನ್ನ ಊರಿಗೆ ಹೋದರೆ, ಜೊತೆಯವಳು ತನ್ನ ಊರಿಗೆ. ಹಬ್ಬದ ಹಿಂದಿನ ರಾತ್ರಿಯ ಊಟ ಅವರಿಗೆ ದೊಡ್ಡದು. ಎಂಟು ವರ್ಷದಲ್ಲಿ ಒಂದು ಸಲವೂ ಒಟ್ಟಿಗೆ ಉಂಡಿಲ್ಲವಂತೆ. ಉಳಿದ ದಿನಗಳಲ್ಲಿ, ಮಕ್ಕಳಿರುವವರು ಎದ್ದು ಹೋದ ಮೇಲೂ ರಾತ್ರಿ ಒಂಬತ್ತರವರೆಗೆ ಆಫೀಸಿನಲ್ಲಿ ಕೂರುವವಳು ಅವಳೇ. ಆದರೆ ನೋಟರಿ ಹತ್ತಿರ ಹೋಗಿ, ಒಬ್ಬರಿಗೊಬ್ಬರು ಪಾಲಕರು ಅಂತ ಇಬ್ಬರೂ ಪತ್ರ ಮಾಡಿಸಿಕೊಂಡಿದ್ದಾರೆ.

ನನ್ನ ಪ್ರಶ್ನೆ ಎರಡು. ಇಲ್ಲಿ ಅಂಥ ಕಾಗದ ಏನಾದರೂ ಉಂಟಾ? ಮತ್ತೆ, ಎಲ್ಲವನ್ನೂ ಬಿಚ್ಚಿ ಹೇಳದೆ 'ನಾನು ಫ್ರೀ ಅಲ್ಲ' ಅಂತ ಹೇಳುವುದು ಹೇಗೆ?

ಕೌಂಟರ್_ನಂಬರ್_3:

ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಗೊತ್ತಿರುವುದನ್ನು ಹೇಳುತ್ತೇನೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗಿ ಜೋಡಿಗಳಿಗೆ ಮದುವೆಯ ಹಕ್ಕು ಕೊಡಲಿಲ್ಲ, ಸರಿ. ಆದರೆ 2024ರ ಆಗಸ್ಟ್ 28ರಂದು ಕೇಂದ್ರ ಹಣಕಾಸು ಸಚಿವಾಲಯವೇ ಹೇಳಿದೆ, ನೀವಿಬ್ಬರು ಜಾಯಿಂಟ್ ಅಕೌಂಟ್ ಮಾಡಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ. ಕೌಂಟರಿನಲ್ಲಿ ಯಾರಾದರೂ ಮುಖ ಸಿಂಡರಿಸಿದರೆ ಆ ತಾರೀಕು ಹೇಳಿ.

ನಾಮಿನಿ ಅಂದರೆ ವಾರಸುದಾರಳಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಣ ಅವಳ ಕೈಗೆ ಬರುತ್ತದೆ, ಆಮೇಲೆ ನಿಮ್ಮ ಮನೆಯವರು ಬಂದು ಕೇಳಬಹುದು. ಹಾಗಾಗಿ ವಿಲ್ ಬರೆಯಿರಿ. ಇಬ್ಬರು ಸಾಕ್ಷಿಗಳು ಬೇಕು, ಅವಳು ಸಾಕ್ಷಿ ಆಗಬಾರದು. ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಗಟ್ಟಿ. ಪಿಎಫ್ ಕಥೆ ಬೇರೆ. ನಿಮ್ಮನ್ನೇ ನಂಬಿರುವ ತಾಯಿ ಇದ್ದರೆ ಅಲ್ಲಿ ಅವರ ಹೆಸರೇ ಬೇಕು.

ಆಸ್ಪತ್ರೆಯದ್ದು ಒಂದು ಮಾತು. ಪ್ರಜ್ಞೆ ಇರುವ ವಯಸ್ಕ ರೋಗಿ ತಾನೇ ಸಹಿ ಹಾಕಿದರೆ ಕಾನೂನಿಗೆ ಸಾಕು. ಮನೆಯವರ ಸಹಿ ಕೇಳುವುದು ಅವರ ರೂಢಿ.

ಸರಳ_ದಾರಿ:

ಒಳ್ಳೆಯ ಹುಡುಗನನ್ನು ನೋಡಿ ಮದುವೆ ಆಗಿ. ಎಲ್ಲ ಸರಿ ಹೋಗುತ್ತದೆ.

ಗುವಾಂಗ್‌ಝೌ_ರಿಟರ್ನ್:

ಮೇಲಿನವರೇ, ಅದನ್ನೂ ಚೀನಾದಲ್ಲಿ ಮಾಡಿ ನೋಡಿದ್ದಾರೆ. ಲೆಸ್ಬಿಯನ್ ಹೆಂಗಸು, ಗೇ ಗಂಡಸು, ಇಬ್ಬರ ಮನೆಯವರ ಸಮಾಧಾನಕ್ಕೆ ಒಂದು ಮದುವೆ. 'ಶಿಂಗ್‌ಹುನ್' ಅನ್ನುತ್ತಾರೆ, ಹೆಸರಿಗೆ ಮದುವೆ ಅಂತ ಅರ್ಥ. ನಾನು ನಾಲ್ಕು ವರ್ಷ ಅಲ್ಲಿ ಇದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಹಾಗೆ ಆದಳು. ಮೊದಲು ಒಂದು ಕಡೆಯ ಅಪ್ಪ ಅಮ್ಮ ಇದ್ದರು, ಆಮೇಲೆ ಎರಡು ಕಡೆಯವರು. ಮರುವರ್ಷದಿಂದಲೇ ಮೊಮ್ಮಗು ಎಲ್ಲಿ ಅಂತ ಶುರು. ಅವಳ ಕೆಲಸ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು.

ಬೆಜೈ ಅವರೇ, ಆ ಪಾಲಕರ ಪತ್ರದ ಬಗ್ಗೆ ತುಂಬ ಆಸೆ ಬೇಡ. 2017ರ ಅಕ್ಟೋಬರಿನಿಂದ ವಯಸ್ಕರು ಯಾರನ್ನು ಬೇಕಾದರೂ ಹಾಗೆ ನೇಮಿಸಬಹುದು, ನಿಜ. ಆದರೆ ಜ್ಞಾನ ತಪ್ಪಿ ಮಲಗಿದಾಗ ಅದಕ್ಕೆ ಬಲ. ಹಬ್ಬದ ರಜೆಗೆ, ಆಸ್ತಿಗೆ ಅಲ್ಲ. ಅಲ್ಲೂ ಇಂಥವರ ಮದುವೆಗೆ ಕಾನೂನು ಇಲ್ಲ.

ಕುಂದಾಪುರದ_ಟೀಚರ್:

ನಾನು ನಿಮ್ಮ ಥರ ಅಲ್ಲ, ಸುಮ್ನೆ ಮದುವೆ ಆಗದೆ ಉಳಿದವಳು. 58 ವರ್ಷ. ಹನ್ನೊಂದು ವರ್ಷ ಅಮ್ಮನನ್ನು ನೋಡಿಕೊಂಡೆ. ಚುನಾವಣೆ ಡ್ಯೂಟಿ, ರಜೆಯ ತರಬೇತಿ ಎಲ್ಲಕ್ಕೂ ನನ್ನ ಹೆಸರೇ ಮೊದಲು. ಒಂದು ದಿನ ತಲೆ ಕೆಟ್ಟು ನೋಟ್‌ಬುಕ್ಕಿನಲ್ಲಿ ಬರೆದೆ, ಯಾವ ದಿನ ಎಷ್ಟು ಗಂಟೆ ಅಮ್ಮನಿಗೆ ಅಂತ. ಒಂದು ತಿಂಗಳದ್ದನ್ನು ಫೋಟೋ ಹೊಡೆದು ತಮ್ಮಂದಿರಿಗೆ ಕಳಿಸಿದೆ. ಕಾರಣ ಏನೂ ಹೇಳಲಿಲ್ಲ. ಮುಂದಿನ ತಿಂಗಳಿನಿಂದ ಹೋಮ್ ನರ್ಸ್ ಸಂಬಳ ಬಂತು. ನಿಮ್ಮ ದುಬೈ ಅಣ್ಣನಿಗೂ ಕಳಿಸಿ.

ಇನ್ನೊಂದು. ಸುಳ್ಳಿಗೆ ಅಮ್ಮನನ್ನು ಎಳೆಯಬೇಡಿ ಮಗಾ. ಕಟಪಾಡಿ ಎಷ್ಟು ದೊಡ್ಡ ಊರು? ನಿಮ್ಮ ಆಫೀಸಿನವರ ಯಾರದ್ದಾದರೂ ಅತ್ತೆ ಅಲ್ಲೇ ಇರುತ್ತಾರೆ. 'ಮನೆಯಲ್ಲಿ ಆಪರೇಷನ್ ಉಂಟು' ಅಂತ ಬರೆಯಿರಿ. ಮನೆ ಅಂದರೆ ಯಾರು ಅಂತ ರಜೆ ಫಾರ್ಮಿನಲ್ಲಿ ಕೇಳುವುದಿಲ್ಲ ಅಲ್ವಾ?

ಬೆಜೈ_ಶಿಫ್ಟ್:

ಟೀಚರ್, ಅತ್ತೆಯ ಮಾತು ಓದಿ ಇಬ್ಬರೂ ನಕ್ಕೆವು. ಆಮೇಲೆ ಹೆದರಿಕೆ ಆಯಿತು, ಯಾಕೆಂದರೆ ನಮ್ಮ ಟೀಮಿನ ಒಬ್ಬನ ಹೆಂಡತಿಯ ಮನೆ ನಿಜವಾಗಿಯೂ ಕಟಪಾಡಿ.

ಮ್ಯಾನೇಜರ್ ಹತ್ತಿರ ಹೋಗಲಿಲ್ಲ. ಶಾಂಘೈ ಲೀಡ್ ಜೊತೆ ಅದಲು ಬದಲು ಮಾಡಿಕೊಂಡೆ. ನಮ್ಮ ದೀಪಾವಳಿ ಅವರಿಗೆ ಮಾಮೂಲಿ ದಿನ, ಅವರ ಹಬ್ಬ ನಮಗೆ ಮಾಮೂಲಿ ದಿನ. ನನ್ನ ಆನ್‌ಕಾಲ್ ಅವಳಿಗೆ. ಅವರ ಹಬ್ಬದ ರಜೆ ಮುಗಿದು ಆಫೀಸು ಶುರುವಾಗುವ ಮೊದಲ ಎರಡು ದಿನ ನಾನು ನೋಡಿಕೊಳ್ಳುತ್ತೇನೆ. ಅಷ್ಟರೊಳಗೆ ಇಬ್ಬರೂ ಊರಿನಿಂದ ವಾಪಸ್ ಬಂದಿರುತ್ತಾರೆ, ತಡವಾಗಿಯಾದರೂ ಆ ಊಟ ಮಾಡುತ್ತಾರಂತೆ. ಮೂರು ವರ್ಷದಿಂದ ಇದು ಯಾಕೆ ಹೊಳೆಯಲಿಲ್ಲವೋ.

ವಿಲ್‌ಗೆ ಸಾಕ್ಷಿ ಯಾರು ಅಂತ ಇನ್ನೂ ಹುಡುಕುತ್ತಿದ್ದೇವೆ. ನಾನು ನಂಬುವವರಿಗೆ ಹೇಳಿಲ್ಲ, ಹೇಳಿರುವವರು ಶಾಂಘೈಯಲ್ಲಿದ್ದಾರೆ.

ಅಣ್ಣನಿಗೆ ಪಟ್ಟಿ ಕಳಿಸಿದೆ. ನೀಲಿ ಟಿಕ್ ಬಂದು ನಾಲ್ಕು ದಿನ ಆಯಿತು. ಈ ಭಾನುವಾರ ಬರುವುದಿಲ್ಲ ಅಂತ ಅಮ್ಮನಿಗೆ ಹೇಳಿದೆ. "ಆಫೀಸಾ?" ಅಂದಳು. "ಅಲ್ಲ, ಮನೆಯಲ್ಲಿ ಕೆಲಸ ಉಂಟು" ಅಂದೆ. "ಯಾವ ಮನೆ?" ಅಂತ ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟಳು.